ಶನಿವಾರದ ಜೆಟ್

ನಮ್ಮ ಕಾಪುವಿನ ಮನೆಯಲ್ಲಿ ಗಂಡಸರು ಒಬ್ಬರ ತಪ್ಪನ್ನು ಇನ್ನೊಬ್ಬರ ಮುಖಕ್ಕೆ ಹೇಳುತ್ತಿರಲಿಲ್ಲ. ಅದು ಅಮ್ಮ ಹುಟ್ಟಿದ ಮನೆ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಸಂತಾನದ ಕಟ್ಟಿನಂತೆ ಮನೆ ಅಜ್ಜಿಯದು, ಯಜಮಾನಿಕೆ ಅಮ್ಮನ ಅಣ್ಣ ಸಂಜೀವ ಮಾವನದು. ಅಪ್ಪ ಮಣಿಪಾಲದ ಒಂದು ತಾಂತ್ರಿಕ ಶಾಲೆಯ ವರ್ಕ್‌ಶಾಪಿನಲ್ಲಿ ಬೋಧಕರು. ವಾರವೆಲ್ಲ ಅಲ್ಲಿಯೇ ಕೋಣೆ ಹಿಡಿದಿದ್ದು, ಶನಿವಾರ ಸಂಜೆಯ ಬಸ್ಸಿಗೆ ನಮ್ಮಲ್ಲಿಗೆ ಬರುತ್ತಿದ್ದರು. ಮೂರು ಮಕ್ಕಳ ತಂದೆಯಾದ ಮೇಲೂ ಆ ಮನೆಯಲ್ಲಿ ಅವರು ನೆಂಟರೇ. ಅವರ ಚೀಲ ಚಾವಡಿಯ ಗೂಟದಲ್ಲಿ ತೂಗುತ್ತಿತ್ತು, ಒಳಕೋಣೆಯ ಗೂಟದಲ್ಲಲ್ಲ. ಊಟಕ್ಕೆ ಮೊದಲ ಮಣೆ ಅವರದು. ಮಾವ ಪಕ್ಕದಲ್ಲಿ ಕುಳಿತು, ಬಾವನ ಎಲೆಗೆ ಎರಡನೆಯ ಸಲ ಗುಳ್ಳಬದನೆಯ ಹುಳಿ ಬಿದ್ದ ಮೇಲೆಯೇ ತನ್ನ ತುತ್ತಿಗೆ ಕೈಹಾಕುತ್ತಿದ್ದ. ಈ ಮರ್ಯಾದೆ ಎಷ್ಟು ಗಟ್ಟಿಯಾಗಿತ್ತೆಂದರೆ, ಅದರೊಳಗೆ ಇಬ್ಬರೂ ಒಬ್ಬರನ್ನೊಬ್ಬರು ಇಷ್ಟಪಡುತ್ತಿದ್ದರೋ ಇಲ್ಲವೋ ಎಂಬುದು ನಮಗೆ ಮಕ್ಕಳಿಗೆ ತಿಳಿಯುವ ದಾರಿಯೇ ಇರಲಿಲ್ಲ. ಅಪ್ಪನಿಗೆ ಚಾದಲ್ಲಿ ಸಕ್ಕರೆ ಕಡಿಮೆಯಾದರೆ ಅದು ಅಮ್ಮನಿಗೆ, ಅಮ್ಮನಿಂದ ಅಜ್ಜಿಗೆ, ಅಜ್ಜಿಯ ಗೊಣಗಾಟದ ಮೂಲಕ ಮಾವನಿಗೆ ತಲುಪುತ್ತಿತ್ತು. ಮುಂದಿನ ವಾರ ಚಾ ಪಾಯಸದಂತೆ ಇರುತ್ತಿತ್ತು. ಆ ಮನೆಯ ಮಾತೆಲ್ಲ ತುಳುವಿನಲ್ಲಿ ನಡೆದದ್ದು. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಧಾಟಿಯನ್ನು ಮಾತ್ರ ಕೆಡಿಸದಿರಲು ಪ್ರಯತ್ನಿಸಿದ್ದೇನೆ.

ಮನೆಗೆ ಮೋಟಾರ್ ಸೈಕಲ್ ಬಂದ ವರ್ಷ ಯಾವುದೆಂದು ನಿರ್ಣಯಿಸಲು ನಾನು ಸಾಕಷ್ಟು ಶ್ರಮಪಟ್ಟಿದ್ದೇನೆ. ಹಳೆಯ ಭೂದಾಖಲೆಗಳ ಕಾಲವನ್ನು ನಿಶ್ಚಯಿಸುವುದರಲ್ಲೇ ಉದ್ಯೋಗದ ಆಯುಷ್ಯ ಕಳೆದವಳಿಗೆ ಸ್ವಂತ ಮನೆಯ ಒಂದು ಬೈಕಿನ ಕಾಲ ಸಿಗದಿರುವುದು ಸಣ್ಣ ಅವಮಾನವಲ್ಲ. ತುರ್ತು ಪರಿಸ್ಥಿತಿ ಘೋಷಣೆಯಾದ ಮೇಲೆ ಎಂದು ಅಮ್ಮ ಹೇಳುತ್ತಿದ್ದಳು. ನಮ್ಮ ಶಾಲೆಯ ಫಲಕದಲ್ಲಿ ಮೈಸೂರು ರಾಜ್ಯ ಎಂಬುದರ ಮೇಲೆ ಹೊಸ ಹೆಸರನ್ನು ಬರೆದ ಬಣ್ಣ ಇನ್ನೂ ಹಸಿಯಾಗಿದ್ದಾಗ ಮಾವ ಅದರ ಮುಂದೆ ಗಾಡಿ ನಿಲ್ಲಿಸಿದ ಚಿತ್ರ ನನ್ನ ಕಣ್ಣಲ್ಲಿದೆ. ಹೊಸ ಹೆಸರು ಬಂದದ್ದು ತುರ್ತು ಪರಿಸ್ಥಿತಿಗೂ ಒಂದೂವರೆ ವರ್ಷ ಮೊದಲು; ಎರಡೂ ನಿಜವಾಗಿರಲಾರವು. ಫಲಕಕ್ಕೆ ಮತ್ತೆ ಬಣ್ಣ ಬಳಿದಿರಬಹುದು, ಅಥವಾ ಹಸಿ ಬಣ್ಣವೇ ನನ್ನ ಕಲ್ಪನೆಯಿರಬಹುದು. ಎಪ್ಪತ್ತರ ದಶಕದ ನಡುಭಾಗ ಎಂಬಲ್ಲಿಗೆ ನಿಲ್ಲಿಸುತ್ತೇನೆ. ಸಂದೇಹವಿಲ್ಲದ ಸಂಗತಿಯೆಂದರೆ ಅದು ಎರಡು ಸೈಲೆನ್ಸರಿನ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಗಾಡಿ. ಮನೆಯ ಒಟ್ಟು ಹುಟ್ಟುವಳಿಯಿಂದ ಕೊಂಡದ್ದು, ಮಾವನ ಹೆಸರಿನಲ್ಲಿ ಇದ್ದದ್ದು. ವಾರದ ದಿನಗಳಲ್ಲಿ ಮಾವ ಅದರಲ್ಲಿ ತನ್ನ ಅಕ್ಕಿ ಮಿಲ್ಲಿಗೆ, ಮಟ್ಟುವಿನ ಗದ್ದೆಗಳಿಗೆ ಹೊಯಿಗೆಯ ಓಣಿಗಳಲ್ಲಿ ನಿಧಾನವಾಗಿ ಹೋಗಿ ಬರುತ್ತಿದ್ದ. ಭಾನುವಾರ ಅದು ಅಪ್ಪನ ಪಾಲು. ಕಾರ್ಕಳದಲ್ಲಿ ಅವರ ತಾಯಿ, ತಂಗಿ ಸುಮತಿ ಅತ್ತೆಯ ಜೊತೆ ಇದ್ದರು. ಶಿರ್ವದ ಹತ್ತಿರದ ದಾರಿಯಲ್ಲಿ ಜಲ್ಲಿ ಕಿತ್ತುಹೋಗಿದ್ದುದರಿಂದ ಅಪ್ಪ ಉಡುಪಿ, ಹಿರಿಯಡ್ಕದ ಮೇಲಿನಿಂದ ಸುತ್ತಿ ಹೋಗುತ್ತಿದ್ದರು. ಉದ್ದದ ದಾರಿ, ಏರು ದಾರಿ; ಹಿಂದೆ ನಾನು, ಮುಂದೆ ಟ್ಯಾಂಕಿನ ಮೇಲೆ ಅಜ್ಜಿ ಕಟ್ಟಿಕೊಟ್ಟ ತೆಂಗಿನಕಾಯಿಯ ಗಂಟು.

ಜಗಳ ಹುಟ್ಟಿದ್ದು ಕಾರ್ಬುರೇಟರಿನಲ್ಲಿ. ಪೆಟ್ರೋಲು ಗಾಳಿಯೊಡನೆ ಬೆರೆಯುವ ಆ ಪುಟ್ಟ ಲೋಹದ ಕೋಶದ ತಳದಲ್ಲಿ ಜೆಟ್ ಎಂಬ ಹಿತ್ತಾಳೆಯ ಮೊಳೆಯೊಂದಿದೆ. ಅದರ ನಡುವಿನ ತೂತು ಎಷ್ಟು ದೊಡ್ಡದೋ ಅಷ್ಟು ಪೆಟ್ರೋಲು. ಮಾವನ ನಿಧಾನದ ಸವಾರಿಗೆ ಪ್ಲಗ್ ಮಸಿ ಹಿಡಿದು, ಗಾಡಿ ಮಟ್ಟುವಿನ ಸೇತುವೆಯ ಮೇಲೆ ನಿಂತುಬಿಡುತ್ತಿತ್ತು. ಪೆಟ್ರೋಲು ಹೆಚ್ಚಾಯಿತೆಂದು ಅವನು ಉಡುಪಿಯಿಂದ ಸಣ್ಣ ತೂತಿನ ಜೆಟ್ ತಂದು ಹಾಕಿದ. ಆ ಭಾನುವಾರ ಕಾರ್ಕಳದ ಅಂಗಳದಲ್ಲಿ ಅಪ್ಪ ಪ್ಲಗ್ ಬಿಚ್ಚಿ ನನ್ನ ಅಂಗೈಯ ಮೇಲೆ, ಕರವಸ್ತ್ರದಲ್ಲಿ ಇಟ್ಟರು. ಅದರ ತುದಿ ಸುಣ್ಣದಂತೆ ಬೆಳ್ಳಗಿತ್ತು.

"ಎಂತ ಬಣ್ಣ ಹೇಳು."

"ಬಿಳಿ."

"ಬಿಳಿ ಅಂದರೆ ಪೆಟ್ರೋಲು ಸಾಲದೆ ಎಂಜಿನ್ ಬೇಯ್ತಾ ಉಂಟು. ಕಪ್ಪು ಅಂದರೆ ಕುಡಿದು ಮಲಗಿದೆ. ಬೆಲ್ಲದ ಬಣ್ಣ ಬರಬೇಕು, ಹಳೆ ಬೆಲ್ಲದ್ದು. ಶಬ್ದ ಕೇಳಿ ಯಾರು ಬೇಕಾದರೂ ಎಂತ ಬೇಕಾದರೂ ಹೇಳಬಹುದು ಮಗಾ. ನೀನು ಬಿಚ್ಚಿ ನೋಡು."

ಈ ಒಂದು ಪಾಠವನ್ನು ನಾನು ಆಮೇಲೆ ತಾಳೆಗರಿಗೂ ಕಾಗದಕ್ಕೂ ಅನ್ವಯಿಸಿ ಬದುಕಿದೆ. ಆದರೆ ಆ ದಿನ ಅಪ್ಪ ಪ್ಲಗ್ಗನ್ನು ಮಾವನಿಗೆ ತೋರಿಸಲಿಲ್ಲ. ತೋರಿಸಿದ್ದರೆ ಯಜಮಾನನ ಗಾಡಿಯಲ್ಲಿ, ಯಜಮಾನನ ಅಂಗಳದಲ್ಲಿ, ಅವನ ತಪ್ಪನ್ನು ಎತ್ತಿ ಆಡಿದಂತಾಗುತ್ತಿತ್ತು. ಮರುವಾರ ಮಣಿಪಾಲದಿಂದ ಬರುವಾಗ ಜೇಬಿನಲ್ಲಿ ದೊಡ್ಡ ತೂತಿನ ಜೆಟ್ ತಂದರು. ಶನಿವಾರ ದೀಪ ಹಚ್ಚುವ ಮೊದಲು ಗೋಣಿಚೀಲ ಹಾಸಿ ಬದಲಿಸಿದರು. ಮಾವನ ಜೆಟ್ಟನ್ನು ಪೆಟ್ರೋಲಿನಲ್ಲಿ ತೊಳೆದು, ಒರೆಸಿ, ಔಷಧಿಯ ಖಾಲಿ ಕುಪ್ಪಿಯೊಂದರಲ್ಲಿ ಹಾಕಿ ಚಾವಡಿಯ ಕನ್ನಡಿಯ ಕೆಳಗೆ ಇಟ್ಟರು. ಸೋಮವಾರ ಬೆಳಗ್ಗೆ ಮಾವ ಕುಪ್ಪಿಯನ್ನು ನೋಡಿದ. ಮಿಲ್ಲಿಗೆ ಹೊರಡುವ ಮೊದಲು ಅದೇ ಗೋಣಿಚೀಲ ಹಾಸಿ ತನ್ನ ಜೆಟ್ಟನ್ನು ಮರಳಿ ಕೂರಿಸಿ, ಅಪ್ಪನದನ್ನು ತೊಳೆದು, ಒರೆಸಿ, ಕುಪ್ಪಿಗೆ ಹಾಕಿ, ಮುಚ್ಚಳ ಬಿಗಿದು, ಅದೇ ಜಾಗದಲ್ಲಿಟ್ಟ.

ಹೀಗೆ ಶುರುವಾದದ್ದು ಎರಡು ಮಳೆಗಾಲ ದಾಟಿತು. ಶನಿವಾರ ದೊಡ್ಡದು, ಸೋಮವಾರ ಸಣ್ಣದು. ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವವರಿಲ್ಲ. ಅಮ್ಮ ಮಾತ್ರ ನಡುವೆ ನಿಂತು ಎರಡೂ ಕಡೆಯ ಅಂಚುಗಳನ್ನು ಹೊಲಿಯಲು ನೋಡುತ್ತಿದ್ದಳು.

"ಗಾಡಿ ಈಗ ಒಳ್ಳೆ ಓಡ್ತದಂತೆ, ಅಣ್ಣ ಹೇಳ್ತಿದ್ದ," ಎಂದು ಅಪ್ಪನ ಹತ್ತಿರ.

"ಅಣ್ಣಾ, ಅವರಿಗೆ ದೂರ ಹೋಗಲಿಕ್ಕೆ ಉಂಟಲ್ಲ, ಹಾಗಾಗಿ ಎಂತದೋ ಸ್ವಲ್ಪ ಮುಟ್ಟಿದ್ದು," ಎಂದು ಮಾವನ ಹತ್ತಿರ.

"ಮುಟ್ಟಲಿ, ಮುಟ್ಟಲಿ. ಬಾವನಿಗೆ ಇಲ್ಲದ ಹಕ್ಕಾ?" ಎನ್ನುತ್ತಿದ್ದ ಮಾವ, ಸ್ಪ್ಯಾನರ್ ಹುಡುಕುತ್ತ.

ಅಜ್ಜಿಗೆ ಈ ಮರ್ಯಾದೆಗಳ ಹಂಗಿರಲಿಲ್ಲ. ಒಂದು ಶನಿವಾರ ಅಪ್ಪ ಸ್ಕ್ರೂಡ್ರೈವರನ್ನು ಹಲ್ಲಲ್ಲಿ ಕಚ್ಚಿಕೊಂಡು ಕಾರ್ಬುರೇಟರ್ ಇಳಿಸುತ್ತಿದ್ದಾಗ ಬಾಗಿಲಲ್ಲಿ ಕುಳಿತು, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ, ಕೇಳುವಷ್ಟು ದೊಡ್ಡದಾಗಿ ಹೇಳಿದಳು:

"ನೋಡು ಮಾರಾಯ್ತಿ, ನಿನಗೆ ಮಾತ್ರ ಅಲ್ಲ, ಈ ಗಾಡಿಗೂ ಶನಿವಾರದ ಗಂಡ."

"ಅಮ್ಮ, ಸುಮ್ಮನಿರು," ಎಂದಳು ಅಮ್ಮ. ಅಪ್ಪ ಸ್ಕ್ರೂಡ್ರೈವರ್ ಬಿಡದೆ ನಕ್ಕರು. ಆದರೆ ಆ ರಾತ್ರಿ ಹುಳಿಯ ಎರಡನೆಯ ಸೌಟು ಬೇಡವೆಂದರು. ಮಾವ ಊಟ ಶುರುಮಾಡುವುದು ಹೇಗೆಂದು ತಿಳಿಯದೆ ಎಲೆಯ ಮುಂದೆ ಕೈಕಟ್ಟಿ ಕುಳಿತ.

ಎಷ್ಟೋ ವರ್ಷಗಳ ಬಳಿಕ, ಅಪ್ಪ ಮಕ್ಕಳಿಗೆ ಪಾಠ ಮಾಡುತ್ತಿದ್ದ ಪುಸ್ತಕಗಳನ್ನು ಕಪಾಟಿನಿಂದ ಇಳಿಸುವಾಗ ಕಾರ್ಬುರೇಟರಿನ ಒಳಭಾಗ ತೋರಿಸುವ ಸೀಳುನಕ್ಷೆಯೊಂದನ್ನು ಕುಳಿತು ನೋಡಿದೆ. ನಿಧಾನದ ಓಟಕ್ಕೆ ಅದರಲ್ಲಿ ಬೇರೆಯದೇ ಒಂದು ಕಿರುದಾರಿ ಇದೆ; ಇಬ್ಬರೂ ಬದಲಿಸುತ್ತಿದ್ದ ಜೆಟ್ಟಿನ ದಾರಿ ತೆರೆಯುವುದು ಗಾಡಿ ಜೋರಾಗಿ ಓಡುವಾಗ ಮಾತ್ರ. ಮಾವನ ಪ್ಲಗ್ಗಿನ ಮಸಿಗೆ ಮದ್ದು ಇದ್ದದ್ದು ಹೊರಗಡೆಯ ಗಾಳಿಯ ಸ್ಕ್ರೂವನ್ನು ಸ್ವಲ್ಪ ಸಡಿಲಿಸುವುದರಲ್ಲಿ. ಕಾರ್ಕಳದ ಏರಿಗೆ ಬೇಕಾದದ್ದು ದೊಡ್ಡ ಜೆಟ್. ಎರಡೂ ಒಂದೇ ಕಾರ್ಬುರೇಟರಿನಲ್ಲಿ, ಒಂದಕ್ಕೊಂದು ಅಡ್ಡಬರದೆ ಇರಬಹುದಿತ್ತು. ಇಬ್ಬರ ಅಗತ್ಯವೂ ನ್ಯಾಯವಾದದ್ದೇ. ಬದಲಿಸುವ ಪ್ರಮೇಯವೇ ಇರಲಿಲ್ಲ. ಅಪ್ಪ ಇದನ್ನೇ ಪಾಠ ಮಾಡುತ್ತಿದ್ದವರು. ಅವರಿಗೆ ಗೊತ್ತಿರಲಿಲ್ಲವೆಂದು ನಂಬುವುದಕ್ಕೆ ನನ್ನಲ್ಲಿ ಯಾವ ಆಧಾರವೂ ಇಲ್ಲ.

ಎರಡನೆಯ ಮಳೆಗಾಲ ಕಳೆದ ಮೇಲಿನ ಒಂದು ಭಾನುವಾರ ಅಪ್ಪನಿಗೆ ಕಾರ್ಕಳಕ್ಕೆ ಹೋಗುವ ಯೋಚನೆ ಇರಲಿಲ್ಲ. ಹಿಂದಿನ ಸಂಜೆ ಜ್ವರ ಬಂದಂತಾಗಿ ಬೇಗ ಮಲಗಿದ್ದರು, ಗೋಣಿಚೀಲ ಹಾಸಿರಲಿಲ್ಲ. ಬೆಳಗ್ಗೆ ಗಂಜಿಯ ಹೊತ್ತಿಗೆ ಕಾರ್ಕಳದ ನೆರೆಮನೆಯವನೊಬ್ಬ ಮೊದಲ ಬಸ್ಸಿನಲ್ಲಿ ಬಂದು ಅಂಗಳದಲ್ಲಿ ನಿಂತ. ಒಳಗೆ ಬನ್ನಿ ಎಂದರೆ ಬರಲಿಲ್ಲ. ನೀರು ಕುಡಿಯಲಿಲ್ಲ.

"ಅಮ್ಮನಿಗೆ ಕಾಯಿಲೆ ಸ್ವಲ್ಪ ಜೋರುಂಟು. ನೀವು ಬರಬೇಕಂತೆ."

ಮಾವ ಮನೆಯಲ್ಲಿರಲಿಲ್ಲ, ನಸುಕಿಗೇ ನಡೆದು ಮಿಲ್ಲಿಗೆ ಹೋಗಿದ್ದ. ಅಪ್ಪ ಒಂದು ಕ್ಷಣ ಬಂದವನ ಮುಖ ನೋಡಿದರು. ಆಮೇಲೆ ಗಾಡಿಯ ಹತ್ತಿರ ಹೋದರು. ಸಣ್ಣ ಜೆಟ್ಟಿನಲ್ಲಿ ಆ ಏರುದಾರಿಯನ್ನು ಎಳೆದರೆ ಏನಾಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಮ್ಮ ಪಂಚೆ ತರುವಷ್ಟರಲ್ಲಿ ಅವರು ಕಾರ್ಬುರೇಟರ್ ಬಿಚ್ಚಿ, ಒಳಗಿನ ಜೆಟ್ ತೆಗೆದು, ಕುಪ್ಪಿಯಲ್ಲಿದ್ದುದನ್ನು ಹಾಕಿ ಬಿಗಿದಿದ್ದರು. ನೋಡುವ ಅಗತ್ಯವಿರಲಿಲ್ಲ. ಅವರು ಬಂದಾಗ ಕುಪ್ಪಿಯಲ್ಲಿರುವುದು ಯಾವಾಗಲೂ ಅವರದೇ. ಎಂದೂ ಇನ್ನೊಬ್ಬರ ಜೆಟ್ಟನ್ನು ತೊಳೆಯದೆ ಕುಪ್ಪಿಗೆ ಹಾಕದ ಮನುಷ್ಯ, ತೆಗೆದದ್ದನ್ನು ಹಾಗೆಯೇ ಹಾಕಿ ಮುಚ್ಚಳವನ್ನೂ ಬಿಗಿಯದೆ ಹೋದರು.

ಹಿರಿಯಡ್ಕ ದಾಟಿದ ಮೇಲಿನ ಏರಿನಲ್ಲಿ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಂಡಿತು. ಹಿಂದಿನ ಚಕ್ರ ಕಟ್ಟಿದಂತೆ ನಿಂತಿತು; ಕ್ಲಚ್ ಹಿಡಿದು ಹೇಗೋ ಬೀಳದೆ ಉಳಿದರು. ಗಾಡಿಯನ್ನು ತಳ್ಳಿಕೊಂಡು ಹಿರಿಯಡ್ಕಕ್ಕೆ ಹಿಂದಿರುಗಿ, ಒಂದು ಅಂಗಡಿಯ ಮಾಡಿನ ಕೆಳಗೆ ಬಿಟ್ಟು, ಬಸ್ಸು ಕಾದು, ಕಾರ್ಕಳ ಮುಟ್ಟುವಾಗ ಅಂಗಳದಲ್ಲಿ ಜನ ಸೇರಿದ್ದರು. ಸುಮತಿ ಅತ್ತೆ ಅವರ ಎರಡೂ ಕೈ ಹಿಡಿದುಕೊಂಡು ಹೇಳಿದ ಮಾತನ್ನು ಅಪ್ಪ ಅಮ್ಮನಿಗೆ ಹೇಳಿದರು, ಅಮ್ಮ ನಮಗೆ:

"ಈಗಷ್ಟೆ ಅಣ್ಣಾ. ನಿನ್ನನ್ನೇ ಕೇಳ್ತಿದ್ದಳು. ಈಗಷ್ಟೆ ಹೋದಳು."

ಗಾಡಿ ಲಾರಿಯಲ್ಲಿ ಕಾಪುವಿಗೆ ಬಂತು. ಮಾವ ಅದನ್ನು ಅಂಗಳದಲ್ಲಿ ಬಿಚ್ಚಿದ. ಕಾರ್ಬುರೇಟರಿನ ತಳದಿಂದ ಹೊರಬಂದ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, ಎದ್ದು, ತೆಂಗಿನ ಮರಗಳಾಚೆ ಕಡಲಿನ ಕಡೆಗೆ ನಡೆದುಹೋದದ್ದನ್ನು ನಾನು ಕಂಡೆ. ಅವನು ಕಂಡದ್ದೇನೆಂದು ನನಗೆ ತಿಳಿಯಲಿಲ್ಲ. ಸೂತಕ ಕಳೆದು ಅಪ್ಪ ಬಂದರು. ಊಟದಲ್ಲಿ ಮಾವ ಎರಡು ಸಲ ಬಾಯಿ ತೆರೆದ.

"ಬಾವ..."

"ಹೇಳಿ."

"ಅಲ್ಲ, ಸ್ವಲ್ಪ ಹುಳಿ ಹಾಕಿಕೊಳ್ಳಿ."

ಅಪ್ಪ ಹಾಕಿಸಿಕೊಂಡರು. ಮರುದಿನ ಬಸ್ಸಿಗೆ ಹೊರಡುವಾಗ ಅಮ್ಮನ ಹತ್ತಿರ ಒಂದೇ ಮಾತು ಹೇಳಿದರಂತೆ: "ಗಾಡಿ ನಿಂತದ್ದು ನನ್ನ ಕೈಯಿಂದಲೇ ಆಯಿತು." ಅದರ ನಂತರದ ಶನಿವಾರಗಳಲ್ಲಿ ಅವರು ಬಂದ ದಿನವೇ ಹಿಂದಿರುಗತೊಡಗಿದರು, ಆಮೇಲೆ ಶನಿವಾರಗಳೇ ತಪ್ಪಿದವು. ಬೇಸಿಗೆ ರಜೆಯಲ್ಲಿ ಮಣಿಪಾಲದಲ್ಲಿ ಬಾಡಿಗೆ ಮನೆ ಹಿಡಿದು ನಮ್ಮನ್ನು ಕರೆದುಕೊಂಡರು. ಹುಟ್ಟಿದ ಮನೆಯಿಂದ ಹೆಣ್ಣು ಹೊರಗೆ ಕಾಲಿಡುವುದು ಆ ಕಟ್ಟಿನಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ. ಅಜ್ಜಿ ಅಮ್ಮನನ್ನು ಬಾಗಿಲಲ್ಲಿ ತಡೆದು, "ನಾನು ಆ ದಿನ ಹೇಳಿದ್ದು ತಮಾಷೆಗೆ ಅಲ್ವಾ, ಅಷ್ಟಕ್ಕೆ ಹೋಗುವುದಾ?" ಎಂದು ಕೇಳಿದಳು. ತನ್ನ ಮಾತೇ ಕಾರಣವೆಂದು ಅವಳು ಕಡೆಯವರೆಗೂ ತಿಳಿದಿದ್ದಳು. ಮಣಿಪಾಲದ ಮನೆಯಲ್ಲಿ ಎರಡು ಕೋಣೆ, ಕೆಂಪು ಕಾವಿಯ ನೆಲ, ಕಿಟಕಿಯಿಂದ ದೂರದಲ್ಲಿ ಕಡಲಿನ ಒಂದು ಗೆರೆ. ಅಪ್ಪನ ಚೀಲ ಒಳಕೋಣೆಯ ಗೂಟಕ್ಕೆ ಬಂದಿತ್ತು. ಅಮ್ಮ ಆ ಗೆರೆಯ ಕಡೆ ನೋಡುತ್ತ ಅಕ್ಕಿ ಆರಿಸುತ್ತಿದ್ದಳು. ಮಾವ ತಿಂಗಳು ತಿಂಗಳು ಬಸ್ಸಿನಲ್ಲಿ ಅಪ್ಪನ ಹೆಸರು ಬರೆದ ಗೋಣಿಯಲ್ಲಿ ತೆಂಗಿನಕಾಯಿ, ಗುಳ್ಳ ಕಳಿಸುತ್ತಿದ್ದ. ಗೋಣಿ ಖಾಲಿ ಹೋಗಬಾರದೆಂದು ಅಪ್ಪ ಅದರಲ್ಲಿ ಕಾರ್ಕಳದ ಹಲಸಿನ ಹಪ್ಪಳ ಇಟ್ಟು ಹಿಂದೆ ಕಳಿಸುತ್ತಿದ್ದರು. ಮದುವೆಮನೆಗಳಲ್ಲಿ ಸಿಕ್ಕರೆ "ಬಾವ ಸೌಖ್ಯವಾ?" "ಸೌಖ್ಯ, ನೀವು?" ಎಂಬಲ್ಲಿಗೆ ಮುಗಿಯುತ್ತಿತ್ತು. ಮಾವ ಗಾಡಿಯನ್ನು ಮತ್ತೆ ಕಟ್ಟಿದನಾದರೂ ಓಡಿಸಲಿಲ್ಲ, ಮಾರಿದ.

ಅಪ್ಪ ತೀರಿಕೊಂಡ ಮೇಲೆ, ಮಾವ ಅಂಬಲಪಾಡಿಯಲ್ಲಿ ಮಗಳ ಮನೆಯಲ್ಲಿದ್ದಾಗ, ಗಾಡಿ ಬಂದ ವರ್ಷ ಕೇಳಲೆಂದು ಹೋದೆ. ವರ್ಷ ಅವನಿಗೆ ನೆನಪಿರಲಿಲ್ಲ. ಕಾಫಿಯ ಲೋಟವನ್ನು ಬದಿಗಿಟ್ಟು, ಕೇಳದ ಪ್ರಶ್ನೆಗೆ ಉತ್ತರ ಕೊಟ್ಟ.

"ಆ ವಾರ ನಾನೇ ಹಾಕಿ ಇಟ್ಟಿದ್ದೆ, ಶಾರದಾ. ಬಾವನ ಜೆಟ್ಟು. ಶನಿವಾರ ಮಧ್ಯಾಹ್ನ. ಪಾಪ, ಬಂದ ಕೂಡಲೇ ಪ್ರತಿಸಲ ಅಂಗಿ ಬಿಚ್ಚಿ ಅದರ ಮುಂದೆ ಕೂರಬೇಕಲ್ಲ, ಈ ಸಲ ತೆಗೆದು ನೋಡಿದರೆ ತನ್ನದೇ ಇರಲಿ ಅಂತ. ಬಾವನ ಮುಖ ನೋಡಬೇಕು ಅಂತ ಇತ್ತು."

ಕುಪ್ಪಿಯಲ್ಲಿ ಹಾಗಾದರೆ ಇದ್ದದ್ದು ಸಣ್ಣದು. ಅಪ್ಪ ಸರಿಯಾದುದನ್ನು ತೆಗೆದು ತಪ್ಪಾದುದನ್ನು ಹಾಕಿಕೊಂಡು ಹೋಗಿದ್ದರು.

"ಹೇಳಬಹುದಿತ್ತಲ್ಲ ಮಾವ."

"ತಾಯಿ ಹೋದವನ ಹತ್ತಿರ ಎಂತ ಹೇಳುವುದು? ನೀವು ಮುಟ್ಟದಿದ್ದರೆ ಗಾಡಿ ಹೋಗ್ತಿತ್ತು ಅಂತಲಾ?"

ಆಗ ನಾನು ಗಾಳಿಯ ಸ್ಕ್ರೂವಿನ ವಿಷಯ ಕೇಳಿದೆ. ಮಾವ ನಕ್ಕ, ಹಲ್ಲಿಲ್ಲದ ಬಾಯಿಯ ನಗು.

"ಮಿಲ್ಲು ನಡೆಸಿದವನಿಗೆ ಅಷ್ಟು ಗೊತ್ತಿಲ್ವಾ? ಕಡೆಗೆ ಗೊತ್ತಾಯಿತು. ಬಾವ ಹೇಳಲಿ ಅಂತ ಕಾದೆ. ಹೇಳಿದರೆ ಬದಲಿಸುವುದು ನಿಲ್ತದಲ್ಲ, ಹಾಗಾಗಿ ನಾನಾಗಿ ಎತ್ತಲಿಲ್ಲ. ಸೋಮವಾರ ಆ ಜೆಟ್ಟು ತೊಳೆಯುವಾಗ ಬಾವನ ಹತ್ತಿರ ಮಾತಾಡಿದ ಹಾಗೆ ಆಗ್ತಿತ್ತು ಮಗಾ."

ಅವನನ್ನು ಸಮಾಧಾನಪಡಿಸುವ ಬೇರೆ ವಿದ್ಯೆ ನನಗೆ ತಿಳಿಯದು, ತಾಳೆ ನೋಡುವುದೊಂದೇ. ಅಪ್ಪ ಎಷ್ಟು ತಡವಾಗಿದ್ದರೆಂದು ತಿಳಿಯಲು ಕಾರ್ಕಳಕ್ಕೆ ಹೋದೆ. ಸುಮತಿ ಅತ್ತೆಗೆ ಕಿವಿ ಮಂದವಾಗಿತ್ತು, ನೆನಪು ಅಲ್ಲ. ಅಪ್ಪನ ತಾಯಿ ತೀರಿಕೊಂಡದ್ದು ಬೆಳಗಿನ ಜಾವ, ಹಟ್ಟಿಯಲ್ಲಿ ಹಾಲು ಕರೆಯುವ ಮೊದಲೇ ಎಂದಳು. ಹಾಗಾದರೆ ಈಗಷ್ಟೆ ಎಂದದ್ದು? "ಅಷ್ಟು ದೂರದಿಂದ ಬೆವರಿಳಿಸಿಕೊಂಡು ಬಂದವನಿಗೆ, ನೀನು ಹೊರಡುವ ಮೊದಲೇ ಎಲ್ಲ ಮುಗಿದಿತ್ತು ಅಂತ ಹೇಳಲಿಕ್ಕೆ ಆಗ್ತದಾ?" ಒಬ್ಬರ ಸಾಕ್ಷ್ಯ ಸಾಲದೆಂದು ಸುದ್ದಿ ತಂದ ನೆರೆಮನೆಯವನನ್ನೂ ಹುಡುಕಿ ಕೇಳಿದೆ. ಆತ ನನ್ನನ್ನು ಊರಿನ ರೀತಿ ತಿಳಿಯದವಳಂತೆ ನೋಡಿದ. "ಸತ್ತ ಸುದ್ದಿಯನ್ನು ಯಾರಾದರೂ ನೇರ ಹೇಳ್ತಾರಾ? ಜೋರುಂಟು ಅಂತಲೇ ಹೇಳುವುದು. ನಾನು ನೀರು ಮುಟ್ಟಲಿಲ್ಲ ಅಲ್ವಾ, ಅದರಲ್ಲೇ ತಿಳಿಯಬೇಕು." ಅಪ್ಪನಿಗೂ ಈ ರೀತಿ ತಿಳಿದಿರಲೇಬೇಕು. ಬೇರೆಯವರ ತಾಯಿಯಾಗಿದ್ದರೆ ಬಂದವನ ಮುಖ ನೋಡಿದ ಆ ಕ್ಷಣದಲ್ಲೇ ಅರ್ಥಮಾಡಿಕೊಳ್ಳುತ್ತಿದ್ದರು. ಇಲ್ಲಿ ಅವರು ಮಾತನ್ನು ಅದರ ಅಕ್ಷರದಂತೆಯೇ ನಂಬಿದರು. ತಂಗಿಯ ಕರುಣೆ ಆ ನಂಬಿಕೆಗೆ ಮೊಹರು ಹಾಕಿತು. ಬಾಕಿ ಆಯುಷ್ಯವನ್ನೆಲ್ಲ ಅವರು ಕೆಲವು ಗಳಿಗೆ ತಡವಾದವನೆಂದು ಬದುಕಿದರು. ಆ ತಡ ಅವರಿಂದಾದದ್ದೇ ಅಲ್ಲ. ಹಾಗೆಂದು ತಿಳಿಯಬೇಕಾಗಿದ್ದವರು ಈಗ ಇರಲಿಲ್ಲ.

ಮರಳಿ ಅಂಬಲಪಾಡಿಗೆ ಹೋಗಿ ಮಾವನಿಗೆ ಎರಡೂ ಸಾಕ್ಷ್ಯಗಳನ್ನು ಕ್ರಮವಾಗಿ ಹೇಳಿದೆ. ಗಾಡಿ ಯಾವ ಜೆಟ್ಟಿನಲ್ಲಿ ಹೋಗಿದ್ದರೂ, ಎಷ್ಟು ಜೋರಾಗಿ ಹೋಗಿದ್ದರೂ ಅಪ್ಪನಿಗೆ ತಾಯಿ ಸಿಗುತ್ತಿರಲಿಲ್ಲ. ಇದರಲ್ಲಿ ನಿಮ್ಮ ಪಾಲೂ ಇಲ್ಲ, ಅಪ್ಪನ ಪಾಲೂ ಇಲ್ಲ ಎಂದೆ. ಅವನ ಮುಖ ಹಗುರಾಗುವುದೆಂದು ಕಾದೆ. ಮಾವ ಲೆಕ್ಕ ಹಾಕುವವನಂತೆ ಬೆರಳುಗಳನ್ನು ಒಂದೊಂದಾಗಿ ಮಡಚಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ:

"ಹಾಗಾದರೆ ಬಾವ ನಮ್ಮ ಮನೆ ಬಿಟ್ಟದ್ದು ಎಂತಕ್ಕೆ?"